ಬೇವಿನ ಎಲೆಗೆ ತಕ್ಕ ಜಾಳಿಗೆ

ಕೊಪ್ಪಳದ ನಮ್ಮ ಓಣಿಯಲ್ಲಿ ತಗಡಿನ ಮನೆಗೂ ಬೇವಿನ ಗಿಡಕ್ಕೂ ಬಿಡದ ನಂಟು. ನೆರಳಿಗೆ ಗಿಡ ಬೇಕು. ಗಿಡವಿದ್ದ ಮೇಲೆ ತಗಡಿನ ಅಂಚಿಗೆ ಕಟ್ಟಿದ ದೋಣಿಯಲ್ಲಿ ಎಲೆ ಬೀಳುವುದೇ. ನಮ್ಮದು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಮಾಡಿದ ದೋಣಿ. ಒಂದು ವರ್ಷ ಜೂನಿನ ಮಿರಗದ ಮಳೆಗೆ ಅದು ತುಂಬಿ, ನೀರು ಬ್ಯಾರಲ್ಲಿಗೆ ಇಳಿಯುವುದನ್ನು ಬಿಟ್ಟು ಗೋಡೆಗುಂಟ ಹರಿಯಿತು. ಏಣಿ ಹತ್ತಿ ಕೈ ಹಾಕಿದರೆ ಎಲೆ, ಹೂವಿನ ಪುಡಿ, ಬೇವಿನ ಬೀಜ, ಬೇಸಿಗೆಯ ಧೂಳು ಎಲ್ಲ ಕಲೆತು ಹುಳಿತ ಕಪ್ಪು ರಾಡಿ. ಅದರ ಮೇಲೆ ನಿಂತ ನೀರಿನಲ್ಲಿ ಸೊಳ್ಳೆಮರಿ ಕುಣಿಯುತ್ತಿದ್ದವು. ನೀರು ಒಂದು ವಾರ, ಹತ್ತು ದಿನ ಅಲುಗದೆ ನಿಂತರೆ ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಅಷ್ಟು ಸಾಕು.

ಮರುದಿನವೇ ಅಂಗಡಿಗೆ ಹೋಗಿ ಕಿಟಕಿಗೆ ಹಾಕುವ ಸೊಳ್ಳೆ ಜಾಳಿಗೆ ತಂದು, ದೋಣಿಯ ಮೇಲೆ ಹಾಸಿ, ತಂತಿಯಿಂದ ಬಿಗಿದೆ. ತೂತು ಸಣ್ಣದಿದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ನನ್ನದು. ಮುಂದಿನ ಮಳೆಗೆ ಎಲೆಯೇನೋ ಒಳಗೆ ಹೋಗಲಿಲ್ಲ, ಆದರೆ ನೀರೂ ಹೋಗಲಿಲ್ಲ. ಜಾಳಿಗೆಯ ಮೇಲೆ ಜಾರಿ ಅಂಗಳಕ್ಕೆ ಹಾರಿತು. ಪಕ್ಕದ ಮನೆಗೆ ತಗಡು ಹೊದಿಸಲು ಬಂದಿದ್ದ ಮೇಸ್ತ್ರಿ ನೋಡಿ ನಕ್ಕರು: "ಜಾಳಗಿ ಹಾಕಿದ್ರ ನಿಚ್ಚಣಿಕಿ ಏರೂದು ತಪ್ಪತೈತಿ ಅನಕೊಂಡ್ರೇನ್ರೀ ಸರ?"

ನೀರು ಯಾಕೆ ಒಳಗಿಳಿಯಲಿಲ್ಲ ಎನ್ನುವುದಕ್ಕೆ ಉತ್ತರ ಅಡುಗೆಮನೆಯಲ್ಲಿತ್ತು. ಚಹಾ ಸೋಸಿದ ಜರಡಿಯನ್ನು ತೊಳೆದು ಬೆಳಕಿಗೆ ಹಿಡಿದು ನೋಡಿ. ಒಂದೊಂದು ತೂತಿನಲ್ಲೂ ನೀರಿನ ತೆಳು ಪೊರೆ ಹೊಳೆಯುತ್ತದೆ, ಕೊಡವಿದರೂ ಸುಲಭಕ್ಕೆ ಬಿಡುವುದಿಲ್ಲ. ನೀರಿನ ಕಣಗಳು ಒಂದನ್ನೊಂದು ಎಳೆದು ಹಿಡಿಯುವುದರಿಂದ ಮೇಲ್ಮೈ ಬಿಗಿದ ಚರ್ಮದಂತೆ ನಡೆದುಕೊಳ್ಳುತ್ತದೆ. ಇದೇ ಮೇಲ್ಮೈ ಸೆಳೆತ. ತೂತು ಚಿಕ್ಕದಾದಷ್ಟೂ ಈ ಚರ್ಮ ಗಟ್ಟಿ. ಲೆಕ್ಕ ಹಾಕಿದರೆ 1 ಮಿ.ಮೀ. ತೂತಿನ ಪೊರೆ ಹೆಚ್ಚೆಂದರೆ ಸುಮಾರು 3 ಸೆಂ.ಮೀ. ಎತ್ತರದ ನೀರನ್ನು ತಡೆಯಬಲ್ಲದು. 6 ಮಿ.ಮೀ. ತೂತಿಗೆ ಅರ್ಧ ಸೆಂ.ಮೀ. ತಡೆಯುವ ತ್ರಾಣವೂ ಇಲ್ಲ. ತಗಡಿನಿಂದ ಜಾರುವ ನೀರಿನ ದಪ್ಪ ಎರಡು-ಮೂರು ಮಿ.ಮೀ. ಅಷ್ಟೇ ಇರುವಾಗ ಸೊಳ್ಳೆ ಜಾಳಿಗೆ ಅದಕ್ಕೆ ನೆಲವಾಗಿಬಿಡುತ್ತದೆ. ಮೇಲೆ ಧೂಳು, ಹೊಗೆಯ ಜಿಡ್ಡು ಕೂತರಂತೂ ಇನ್ನೂ ಕಷ್ಟ. ಸಾಲದ್ದಕ್ಕೆ ತಗಡಿಗೆ ಏರಿಳಿತವಿದೆ. ನೀರು ಎಲ್ಲ ಕಡೆ ಸಮನಾಗಿ ಇಳಿಯುವುದಿಲ್ಲ, ಒಂದೊಂದು ತಗ್ಗಿನಲ್ಲಿ ಕೂಡಿ ರಭಸದಿಂದ ಧುಮುಕುತ್ತದೆ.

ಅಮೆರಿಕದ ಅಂಗಡಿಗಳಲ್ಲಿ ದೋಣಿಗೆ ಜಾಳಿಗೆಯಲ್ಲದೆ ಬಾಗಿದ ಮುಚ್ಚಳವೂ ಸಿಗುತ್ತದೆ. ಚಹಾ ಬಗ್ಗಿಸುವಾಗ ಪಾತ್ರೆಯ ಹೊರಮೈಗೆ ಅಂಟಿಕೊಂಡು ನೀರು ಇಳಿಯುತ್ತದಲ್ಲ, ಅದೇ ಗುಣವನ್ನು ನೆಚ್ಚಿ ಮಾಡಿದ್ದು: ನೀರು ಬಾಗಿಗೆ ಅಂಟಿ ಒಳಗೆ ತಿರುಗಬೇಕು, ಎಲೆ ಹೊರಗೆ ಬೀಳಬೇಕು. ಆದರೆ ಜೋರು ಮಳೆಯಲ್ಲಿ ವೇಗ ಅಂಟನ್ನು ಮೀರುವುದರಿಂದ ನೀರು ಹೊರಗೆ ಹಾರುತ್ತದೆ. ನಮ್ಮ ಕಡೆಯ ಮಳೆ ಬರುವುದೇ ಕಡಿಮೆ, ಬಂದರೆ ಗುಡುಗು-ಗಾಳಿ ಸಮೇತ ಒಂದೇ ತಾಸಿನಲ್ಲಿ ಸುರಿದು ಹೋಗುವಂಥದ್ದು. ಅಗಲ ಎಲೆಯ ಮೇಪಲ್ ಮರಕ್ಕೆಂದು ಮಾಡಿದ ಸಾಮಾನು ಬೇವಿಗೆ ಹೊಂದಬೇಕೆಂದೂ ಇಲ್ಲ. ಬೇವಿನ ಎಲೆ ಕಿರಿದು. ಅದಕ್ಕಿಂತ ದೊಡ್ಡ ಕಾಟ ಎಲೆ ಉದುರಿದ ಮೇಲೆ ಉಳಿಯುವ ಕಡ್ಡಿಯದು. ಅದು ಸೂಜಿಯಂತೆ ತೂತಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ಆಮೇಲೆ ಬಂದ ಎಲೆಗಳೆಲ್ಲ ಅದಕ್ಕೇ ಆತುಕೊಳ್ಳುತ್ತವೆ.

ಎರಡನೇ ಸಲ ಕಾಲಿಂಚು ತೂತಿನ ಬೆಸುಗೆ ಜಾಳಿಗೆ ತಂದೆ. ತಗಡಿನ ಇಳಿಜಾರಿಗೇ ಹೊಂದುವಂತೆ ಓರೆಯಾಗಿ ಕೂರಿಸಿ, ಹೊರ ಅಂಚನ್ನು ಎರಡು ಬೆರಳು ಮೇಲಕ್ಕೆ ಮಡಚಿದೆ. ಹಾರುವ ನೀರು ಆ ಮಡಿಕೆಗೆ ಬಡಿದು ಒಳಗೆ ಬೀಳುತ್ತದೆ, ಒಣಗಿದ ಎಲೆಯನ್ನು ಗಾಳಿ ಒಯ್ಯುತ್ತದೆ. ಹೂವು, ಧೂಳು ಈ ತೂತಿನಲ್ಲಿ ನುಸುಳುತ್ತವೆ, ನುಸುಳಲಿ. ಅವನ್ನು ಹಿಡಿಯಲು ಸಣ್ಣ ಜಾಳಿಗೆಯನ್ನು ಬ್ಯಾರಲ್ಲಿನ ಬಾಯಿಗೆ ಕಟ್ಟಿದ್ದೇನೆ. ಅಲ್ಲಿ ನಿಂತಲ್ಲೇ ಬಿಚ್ಚಿ ಕೊಡವಬಹುದು. ಕಸ ಎಲ್ಲೋ ಒಂದು ಕಡೆ ಕೂಡಲೇಬೇಕು. ಏಣಿಯ ತುದಿಯಲ್ಲಿ ಕೂಡುವ ಬದಲು ಕೈಗೆಟಕುವಲ್ಲಿ ಕೂಡಲಿ. ಬೆಂಗಳೂರಿನ ವಿಜಯನಗರದ ತಮ್ಮ ಮನೆಯಲ್ಲಿ 1995ರಿಂದ ಮಳೆ ನೀರು ನೆಚ್ಚಿ ಬದುಕಿ ತೋರಿಸಿದ ವಿಜ್ಞಾನಿ ಎ. ಆರ್. ಶಿವಕುಮಾರ್ ರೂಪಿಸಿದ 'ಪಾಪ್ಅಪ್' ಸೋಸುಕವನ್ನೂ ಹೀಗೆಯೇ ಗೋಡೆಯ ಮೇಲೆ, ಇಳಿಪೈಪಿಗೆ ಜೋಡಿಸುತ್ತಾರೆ. ಕಸ ಕಟ್ಟಿಕೊಂಡು ನೀರು ಒತ್ತಿದರೆ ಅದರ ಸೋಸುವ ಭಾಗ ತಾನೇ ಮೇಲಕ್ಕೆ ಪುಟಿದು ನೀರಿಗೆ ದಾರಿ ಬಿಡುತ್ತದೆ. ಮನೆಯವರಿಗೆ ಅದೇ ಸೂಚನೆ.

ಮಾಳಿಗೆ ಆರ್‌ಸಿಸಿ ಆಗಿದ್ದರೆ ದೋಣಿ ಇರುವುದಿಲ್ಲ, ಮೂಲೆಯಲ್ಲಿ ನಾಲ್ಕಿಂಚು ಪೈಪಿನ ಬಾಯಿ ಇರುತ್ತದೆ. ಅದಕ್ಕೆ ಚಪ್ಪಟೆ ಜಾಲಿ ಮುಚ್ಚುವುದು ರೂಢಿ. ಗಾಳಿಗೆ ಹಾರಿಬಂದ ಒಂದೇ ಒಂದು ಪ್ಲಾಸ್ಟಿಕ್ ಚೀಲ ಅದನ್ನು ಪೂರ್ತಿ ಮುಚ್ಚಿಬಿಡಬಹುದು, ಆಗ ಮಾಳಿಗೆಯೇ ಕೆರೆ. ಅದೇ ಕಾಲಿಂಚು ಜಾಳಿಗೆಯನ್ನು ಸುತ್ತಿ, ಮೇಲೆ ಮುಚ್ಚಿ, ಗೇಣುದ್ದದ ಡಬ್ಬಿಯಂತೆ ನಿಲ್ಲಿಸಿದರೆ ಲೆಕ್ಕವೇ ಬೇರೆ. 10 ಸೆಂ.ಮೀ. ಬಾಯಿಯ ವಿಸ್ತೀರ್ಣ ಸುಮಾರು 78 ಚದರ ಸೆಂ.ಮೀ. ಅದರ ಮೇಲೆ 20 ಸೆಂ.ಮೀ. ಎತ್ತರದ ಡಬ್ಬಿಯ ಸುತ್ತುಗೋಡೆ 628. ಎಂಟು ಪಟ್ಟು. ಬುಡಕ್ಕೆ ಕಸ ಕಟ್ಟಿದರೂ ನೀರು ಮೇಲಿನ ತೂತುಗಳಲ್ಲಿ ನುಗ್ಗುತ್ತದೆ. ಪ್ಲಾಸ್ಟಿಕ್ ಜಾಳಿಗೆ ಮಾತ್ರ ಬೇಡ, ನಮ್ಮ ಬಿಸಿಲಿಗೆ ಬೇಗ ಮುರುಕಾಗುತ್ತದೆ.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಗೋಡೆಯ ಹಸಿಗಾಗಿ ಮಾತ್ರವಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿಯನ್ನು ಮೀರಿದೆ. ಹಲ್ಲು ಕಂದುಗಟ್ಟುವುದು, ಸೊಂಟ-ಮೊಣಕಾಲು ಹಿಡಿಯುವುದು ಅಲ್ಲಿನವರಿಗೆ ಹೊಸದಲ್ಲ. ಫ್ಲೋರೈಡ್ ಬರುವುದು ಕಣಶಿಲೆಯಲ್ಲಿನ ಖನಿಜಗಳಿಂದ, ನೀರು ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತು ಕರಗಿಸಿಕೊಂಡಿದ್ದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಫ್ಲೋರೈಡ್ ಉಳಿಯುವುದರಿಂದ ಇನ್ನಷ್ಟು ಗಾಢವಾಗುತ್ತದೆ. ಮಳೆ ನೀರು ಬಂಡೆಯನ್ನೇ ಮುಟ್ಟಿರುವುದಿಲ್ಲ. ಆದರೆ ಅದು ಮಾಳಿಗೆಯನ್ನು ಮುಟ್ಟುತ್ತದೆ. ಹಕ್ಕಿ ಹಿಕ್ಕೆಯಿಂದ ಬರುವ ರೋಗಾಣುವನ್ನು ಯಾವ ಜಾಳಿಗೆಯೂ ತಡೆಯದು, ಕುಡಿಯುವ ಮುಂಚೆ ಕುದಿಸಬೇಕು. ಗಂಗಾವತಿಯ ರೈಸ್‌ಮಿಲ್ಲುಗಳ ಸುತ್ತ ಹೊಟ್ಟಿನ ಬೂದಿ ಹಾರಿ ಬಂದು ಕೂರುತ್ತದೆ. ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಬಳಿ ಕಪ್ಪು ಧೂಳು. ಕಪ್ಪು ಧೂಳು ಬೀಳುವ ಮಾಳಿಗೆಯ ನೀರನ್ನು ಬಳಕೆಗೆ ಇಟ್ಟುಕೊಳ್ಳಿ, ಕುಡಿಯಬೇಡಿ.

ಇದೇ ಮಳೆ ನೀರನ್ನು ಹಿಡಿಯಲೆಂದು 2006-07ರ ಹೊತ್ತಿಗೆ ರಾಜ್ಯ ಸರ್ಕಾರ 'ಸುವರ್ಣ ಜಲ' ಯೋಜನೆಯಲ್ಲಿ ಹಳ್ಳಿ ಶಾಲೆಗಳ ಮಾಳಿಗೆಗೆ ಪೈಪು, ತೊಟ್ಟಿ ಕೂರಿಸಿತು. ಎಷ್ಟೋ ಶಾಲೆಗಳಲ್ಲಿ ಅವು ಬಳಕೆಗೇ ಬರಲಿಲ್ಲ. ಕಾರಣ ಹಲವು, ತೊಳೆಯುವವರು ಯಾರು ಎಂದು ಗೊತ್ತಾಗದ್ದೂ ಅದರಲ್ಲಿ ಒಂದು ಎಂದು ನನ್ನ ಗುಮಾನಿ.

ನಮ್ಮ ಪುಣ್ಯಕ್ಕೆ ಬೇವಿನ ಪಂಚಾಂಗವೂ ಮಳೆಯ ಪಂಚಾಂಗವೂ ಒಂದಕ್ಕೊಂದು ಅನುಕೂಲವಾಗಿವೆ. ಬೇವಿನ ಎಲೆ ಉದುರುವುದು ಶಿವರಾತ್ರಿಯ ಆಚೀಚೆ, ಹೂವು ಯುಗಾದಿಗೆ, ಹಣ್ಣು ಜೂನ್-ಜುಲೈನಲ್ಲಿ. ನಮ್ಮಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ, ಹುಬ್ಬಿ ಮತ್ತು ಉತ್ತರಿ ಮಳೆಗಳಲ್ಲಿ. ಅಷ್ಟರಲ್ಲಿ ಗಿಡ ತನ್ನ ಕಸವನ್ನೆಲ್ಲ ಉದುರಿಸಿ ಮುಗಿಸಿರುತ್ತದೆ, ಮುಂಗಾರು ತಗಡನ್ನು ತೊಳೆದಿರುತ್ತದೆ. ಹಾಗಾಗಿ ಮಿರಗದ ನೀರನ್ನು ನಾನು ಗಿಡಗಳಿಗೆ ಬಿಡುತ್ತೇನೆ. ಕುಡಿಯಲು ಹಿಡಿಯುವುದು ಉತ್ತರಿ ನೀರು, ಅದರಲ್ಲೂ ಪ್ರತಿ ಮಳೆಯ ಮೊದಲ ಐವತ್ತು-ನೂರು ಲೀಟರ್ ಹೊರಗೆ ಹೋದ ಮೇಲೆ. 50 ಚದರ ಮೀಟರ್ ತಗಡಿನ ಮೇಲೆ 100 ಮಿ.ಮೀ. ಬಿದ್ದರೆ, ಚೆಲ್ಲಿದ್ದು ಸೋರಿದ್ದು ಕಳೆದು 4000 ಲೀಟರ್. ದಿನಕ್ಕೆ 20 ಲೀಟರಿನಂತೆ ಕುಡಿಯಲು, ಅಡುಗೆಗೆ 200 ದಿನ.

ಆಗಸ್ಟ್ ಕೊನೆಯ ಭಾನುವಾರ ಏಣಿ ಹಾಕಿ, ಜಾಳಿಗೆ ಬಿಚ್ಚಿ, ದೋಣಿ ತಿಕ್ಕುತ್ತೇನೆ. ಮೊದಲು ವರ್ಷಕ್ಕೆ ಆರು ಸಲ ಏರುತ್ತಿದ್ದೆ, ಈಗ ಎರಡು. ಮೇಸ್ತ್ರಿ ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ.