ಮೊಬೈಲಿನಲ್ಲಿ ಸಂಗಾತಿ ಹುಡುಕುವಾಗ



ಒಂದು ಸಂಘದ ಮಾಸಿಕ ಸಭೆಗೆ ಹೋಗಿದ್ದೆ. ಉಳಿತಾಯ ಕಟ್ಟಿ, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಎಲ್ಲರೂ ಎದ್ದ ಮೇಲೆ ಒಬ್ಬ ಸದಸ್ಯೆ ಮಾತ್ರ ಹಿಂದೆ ಉಳಿದರು. ಅವರು 40,000 ರೂಪಾಯಿ ಆಂತರಿಕ ಸಾಲ ಕೇಳಿದ್ದರು. ಕಾರಣ ಮಗಳ ಫೀಸು ಅಂತ ಬರೆದಿತ್ತು. "ಸಿಸ್ಟರ್, ಅದು ಫೀಸಿಗಲ್ಲ" ಅಂತ ಹೇಳಿ ಅಳಲಿಕ್ಕೆ ಶುರು ಮಾಡಿದರು. ಗಂಡ ತೀರಿಹೋಗಿ ಆರು ವರ್ಷ ಆಗಿತ್ತು. ಮಗಳೇ ಫೋನಿನಲ್ಲಿ ಒಂದು ಫ್ರೀ ಆ್ಯಪ್ ಹಾಕಿ ಕೊಟ್ಟಿದ್ದಳು. ಅದರಲ್ಲಿ ಲಂಡನ್ನಿನ ಎಂಜಿನಿಯರ್ ಅಂತ ಹೇಳಿಕೊಂಡ ಒಬ್ಬನ ಪರಿಚಯ ಆಯ್ತು. ಎರಡು ತಿಂಗಳು ದಿನಾ ಬೆಳಿಗ್ಗೆ "ತಿಂಡಿ ಆಯ್ತಾ, ಮಂಡಿ ನೋವು ಹೇಗುಂಟು" ಅಂತ ವಿಚಾರಿಸಿದ. ಆಮೇಲೆ ಚಿನ್ನದ ಪಾರ್ಸೆಲ್ ಕಳಿಸಿದ್ದೇನೆ ಅಂದ. ಅದು ದೆಹಲಿ ಕಸ್ಟಮ್ಸ್‌ನಲ್ಲಿ ನಿಂತಿದೆಯಂತೆ, ತೆರಿಗೆ ಕಟ್ಟಬೇಕಂತೆ. 6,500 ರೂಪಾಯಿ ಆಗಲೇ ಕಳಿಸಿಯಾಗಿತ್ತು. ಈಗ ಕೇಳಿದ್ದು ಎರಡನೇ ಕಂತಿಗೆ. ಅಂದರೆ ಸಂಘದ ಇಪ್ಪತ್ತು ಮಂದಿಯ ಉಳಿತಾಯವೂ ಅದೇ ದಾರಿ ಹಿಡಿಯುವುದರಲ್ಲಿತ್ತು.

ಅವರು ಸಂಗಾತಿಯನ್ನು ಹುಡುಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ವಿಧವೆಯರು, ವರದಕ್ಷಿಣೆ ಕೊಡಲಾಗದೆ ಮದುವೆ ತಪ್ಪಿದವರು, ಗಂಡ ಬಿಟ್ಟುಹೋದವರು ನಮ್ಮ ಸಂಘಗಳಲ್ಲಿ ಎಷ್ಟು ಮಂದಿ ಇದ್ದಾರೆ ನೋಡಿ. ಇಂಥವರ ಮನೆಗೆ ದಲ್ಲಾಳಿ ಬರುವುದಿಲ್ಲ, ಬಂದರೂ ಕಮಿಷನ್ ಕೇಳುತ್ತಾನೆ. ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವಾಗ ನೋಡುವ ಅನಿಸುವುದು ಸಹಜ. (ಮದುವೆಯ ಯೋಚನೆಯೇ ಇಲ್ಲದ ಡೇಟಿಂಗ್ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಗೊತ್ತೇ ಉಂಟು. ಅದರ ಪ್ರಸಂಗ ಇಲ್ಲಿ ಬೇಡ.)

ಆದರೆ ಪುಕ್ಕಟೆ ಅಂದರೇನು ಅಂತ ತಿಳಿಯಬೇಕು. ಕಂಪನಿಗೂ ಸಂಬಳ, ಬಾಡಿಗೆ ಇರುತ್ತದಲ್ಲ! ಜಾಹೀರಾತಿನಿಂದ ಮತ್ತು ಹೆಚ್ಚಿನ ಸೌಲಭ್ಯಕ್ಕೆ ಹಣ ಕಟ್ಟುವವರಿಂದ ಅದು ನಡೆಯುತ್ತದೆ. ನಮ್ಮ ವಯಸ್ಸು, ಊರು, ಫೋಟೊ, ಇಷ್ಟಾನಿಷ್ಟ ಇವೇ ಅದರ ಬಂಡವಾಳ. ಆ ಮಾಹಿತಿ ಯಾವಾಗಲೂ ಭದ್ರವಾಗಿರುತ್ತದೆ ಅಂತಲೂ ಇಲ್ಲ. 2015ರಲ್ಲಿ ಆಶ್ಲಿ ಮ್ಯಾಡಿಸನ್ ಎಂಬ ವಿದೇಶೀ ಡೇಟಿಂಗ್ ಸೈಟಿನಿಂದ ಕೋಟಿಗಟ್ಟಲೆ ಸದಸ್ಯರ ವಿವರಗಳನ್ನು ಕಳ್ಳರು ಕದ್ದು ಬಹಿರಂಗ ಮಾಡಿದರು. ಹಣ ಕೊಟ್ಟು ಖಾತೆ ಅಳಿಸಿದವರ ವಿವರವೂ ಅದರಲ್ಲಿ ಸಿಕ್ಕಿತು. ಅದಲ್ಲದೆ ಹೆಚ್ಚಿನ ಫ್ರೀ ಆ್ಯಪ್‌ಗಳಲ್ಲಿ ಒಂದು ಮೊಬೈಲ್ ನಂಬರು, ಒಂದು ಓಟಿಪಿ ಇದ್ದರೆ ಸಾಕು, ಖಾತೆ ರೆಡಿ. ವಿವಾಹ ಸಂಬಂಧದ ವೆಬ್‌ಸೈಟುಗಳಿಗೆ ಕೇಂದ್ರ ಸರಕಾರ 2016ರಲ್ಲಿ ಸಲಹಾ ಸೂಚನೆ ಕೊಟ್ಟಿದೆ: ಗುರುತಿನ ದಾಖಲೆ ಪಡೆಯಬೇಕು, ದೂರು ಕೇಳುವ ಅಧಿಕಾರಿ ಇರಬೇಕು, ಮೋಸದ ಬಗ್ಗೆ ಎಚ್ಚರಿಸಬೇಕು. ಆದರೆ ಅದು ವಿವಾಹದ ಸೈಟುಗಳಿಗಾಗಿ ಬರೆದದ್ದು, ಡೇಟಿಂಗ್ ಆ್ಯಪ್‌ಗಳಿಗಲ್ಲ. ಆದ್ದರಿಂದ ಮದುವೆಯೇ ಉದ್ದೇಶವಾದರೆ ವಿವಾಹದ ಸೈಟನ್ನೇ ನೋಡಿ.

ಈಗ ಏನು ಬರೆಯಬೇಕು, ಏನು ಬರೆಯಬಾರದು? ಹೆಸರಿನ ಮೊದಲ ಭಾಗ, ಜಿಲ್ಲೆ, ವಯಸ್ಸು ಸಾಕು. ಮನೆ ಹೆಸರು, ಚರ್ಚಿನ ಹೆಸರು, ಕೆಲಸದ ಜಾಗ, ಮಕ್ಕಳ ಶಾಲೆ ಬೇಡವೇ ಬೇಡ. ವಿಧವೆ ಅಂತ ಬರೆಯುವಾಗ ವಿಮೆ ಹಣ, ಜಾಗ, ಒಬ್ಬಳೇ ಇರುವುದು ಇವನ್ನೆಲ್ಲ ಜೊತೆಗೆ ಬರೆದರೆ ಮೋಸಗಾರನನ್ನು ಮನೆಗೆ ಕರೆದ ಹಾಗೆ. ಆಧಾರ್ ಪ್ರತಿಯನ್ನು ಯಾರು ಕೇಳಿದರೂ ಚಾಟ್‌ನಲ್ಲಿ ಕಳಿಸಬೇಡಿ. ಎಲ್ಲಾದರೂ ಕೊಡಲೇಬೇಕಾದಾಗ ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ, ಅದನ್ನೇ ಬಳಸಿ.

ಫೋಟೊದ ವಿಷಯ. ವಾಟ್ಸಾಪ್, ಫೇಸ್‌ಬುಕ್‌ನಲ್ಲಿ ಹಾಕಿದ ಫೋಟೊವನ್ನೇ ಇಲ್ಲಿ ಹಾಕಬೇಡಿ. ಗೂಗಲ್ ಲೆನ್ಸ್‌ನಲ್ಲಿ ಆ ಫೋಟೊ ಕೊಟ್ಟು ಹುಡುಕಿದರೆ ಇಂಟರ್‌ನೆಟ್‌ನಲ್ಲಿ ಬಹಿರಂಗವಾಗಿರುವ ಅದೇ ಫೋಟೊ ಸಿಕ್ಕಿಬಿಡಬಹುದು, ಅಲ್ಲಿಂದ ನಿಮ್ಮ ಪೂರ್ತಿ ಹೆಸರು, ಊರು. ಯೂನಿಫಾರ್ಮ್ ಹಾಕಿದ ಮಗು, ಮನೆಯ ಗೇಟು, ಸ್ಕೂಟರಿನ ನಂಬರು ಫೋಟೊದಲ್ಲಿ ಇರಬಾರದು. ಸಂಘದ ವಾರ್ಷಿಕೋತ್ಸವದ ಗುಂಪು ಫೋಟೊ ಹಾಕಿದ ಒಬ್ಬರನ್ನು ನಾನು ಕಂಡಿದ್ದೇನೆ. ಹಿಂದೆ ಬ್ಯಾನರಿನಲ್ಲಿ ಸಂಘದ ಹೆಸರು, ಊರು, ಎಲ್ಲ ದೊಡ್ಡ ಅಕ್ಷರದಲ್ಲಿ! ಉಳಿದ ಸದಸ್ಯೆಯರನ್ನು ಯಾರು ಕೇಳಿದ್ದರು?

ಎಲ್ಲಕ್ಕಿಂತ ಮುಖ್ಯ ಫೋನ್ ನಂಬರು. ನಂಬರ್ ಒಂದು ಸಿಕ್ಕಿದರೆ ಹಣ ಕಳಿಸುವ ಯುಪಿಐ ಆ್ಯಪ್‌ನಲ್ಲಿ ಅದನ್ನು ಒತ್ತಿ ನೋಡಿ ಬ್ಯಾಂಕಿನಲ್ಲಿರುವ ನಿಮ್ಮ ಹೆಸರು ತಿಳಿಯಬಹುದು. ವಾಟ್ಸಾಪಿನಲ್ಲಿ ಫೋಟೊ ಸಿಗುತ್ತದೆ. ಹಾಗಾಗಿ ಕೆಲವು ವಾರ ಆ್ಯಪ್ ಒಳಗೇ ಮಾತಾಡಿ. ಎರಡನೇ ದಿನವೇ "ವಾಟ್ಸಾಪಿಗೆ ಬನ್ನಿ" ಅನ್ನುವವನಿಗೆ ಅವಸರ ಯಾಕೆ? ಆ್ಯಪ್ ಒಳಗೆ ನಾಲ್ಕು ಹೆಂಗಸರು ದೂರು ಕೊಟ್ಟರೆ ಕಂಪನಿ ಅವನ ಖಾತೆ ಮುಚ್ಚಬಹುದು. ಹೊರಗೆ ಬಂದ ಮೇಲೆ ಆ ಭಯ ಇಲ್ಲ. ಫೋನಿನ ಸೆಟ್ಟಿಂಗ್ಸಿನಲ್ಲಿ ಆ ಆ್ಯಪ್‌ಗೆ ಲೊಕೇಶನ್, ಕಾಂಟ್ಯಾಕ್ಟ್ಸ್ ಅನುಮತಿ ತೆಗೆದುಬಿಡಿ. "ಇವರು ನಿಮ್ಮಿಂದ 2 ಕಿಲೋಮೀಟರ್ ದೂರದಲ್ಲಿದ್ದಾರೆ" ಅಂತ ತೋರಿಸುವ ಆ್ಯಪ್‌ಗಳುಂಟು. ಹಳ್ಳಿಯಲ್ಲಿ 2 ಕಿಲೋಮೀಟರ್ ಅಂದರೆ ಎಷ್ಟು ಮನೆ, ನೀವೇ ಹೇಳಿ.

ಮನುಷ್ಯ ನಿಜವಾ ಅಂತ ನೋಡುವುದು ಹೇಗೆ? ಅವನ ಫೋಟೊವನ್ನೂ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ಕದ್ದ ಫೋಟೊವಾದರೆ ಹಲವು ಸಲ ಬೇರೆ ಹೆಸರಿನಲ್ಲಿ ಸಿಗುತ್ತದೆ. ಸಿಗಲಿಲ್ಲ ಅಂದ ಮಾತ್ರಕ್ಕೆ ಅವನು ಒಳ್ಳೆಯವನು ಅಂತಲ್ಲ. ಈಗ ಕಂಪ್ಯೂಟರಿನಲ್ಲೇ ಮುಖ, ಧ್ವನಿ, ವಿಡಿಯೋ ಸೃಷ್ಟಿಸುತ್ತಾರೆ. ನಾನು ಹೆಚ್ಚು ನಂಬುವುದು ಹಳೆಯ ದಾರಿಯನ್ನು. ಅವನ ಊರಿಗೆ ಯಾರಾದರೂ ಹೋಗಿ ವಿಚಾರಿಸಲಿ. ಕಥೋಲಿಕನಾದರೆ ಜ್ಞಾನಸ್ನಾನದ ಹೊಸ ಪ್ರಮಾಣಪತ್ರ ತರಲು ಹೇಳಿ. ಚರ್ಚಿನಲ್ಲಿ ಮದುವೆಯಾದರೆ ಅದನ್ನು ಜ್ಞಾನಸ್ನಾನದ ರಿಜಿಸ್ಟರಿನಲ್ಲೂ ಬರೆಯುವ ನಿಯಮವುಂಟು, ಹಾಗಾಗಿ ಮೊದಲಿನ ಮದುವೆ ಮುಚ್ಚಿಡುವುದು ಕಷ್ಟ. ಬೇರೆ ಧರ್ಮದವರಾಗಿ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವುದಾದರೆ 30 ದಿನದ ನೋಟೀಸು ಇರುತ್ತದೆ. ಆ ಸಮಯವನ್ನು ವಿಚಾರಣೆಗೆ ಬಳಸಿ.

ಭೇಟಿಯಾಗುವುದಾದರೆ ಹಗಲು ಹೊತ್ತು, ಜನ ಇರುವ ಹೋಟೆಲಿನಲ್ಲಿ. ನಿಮ್ಮದೇ ಬಸ್ಸಿನಲ್ಲಿ ಹೋಗಿ, ನಿಮ್ಮದೇ ಬಸ್ಸಿನಲ್ಲಿ ಬನ್ನಿ. ಅಕ್ಕನಿಗೋ ಸಂಘದ ಒಬ್ಬ ಗೆಳತಿಗೋ ಹೇಳಿ ಹೋಗಿ, ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಅವರಿಗೆ ಹಾಕಿ.

ಹಣದ ಮಾತು ಬಂದರೆ ಅಲ್ಲಿಗೇ ಮುಗಿಸಿ. ಆಸ್ಪತ್ರೆ, ವೀಸಾ, ಪಾರ್ಸೆಲ್, "ಈ ಆ್ಯಪ್‌ನಲ್ಲಿ ಹಾಕು, ಡಬಲ್ ಆಗ್ತದೆ", ಕತೆ ಯಾವುದಾದರೂ ಸರಿ. ಕಸ್ಟಮ್ಸ್‌ನವರು ಫೋನ್ ಮಾಡಿ ಖಾಸಗಿ ಖಾತೆಗೆ ಹಣ ಹಾಕಿಸುವುದಿಲ್ಲ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರೆ ಹಣ ನಿಮ್ಮಿಂದ ಹೋಗುತ್ತಿದೆ ಅಂತ ಅರ್ಥ.

ಇನ್ನೊಂದು ವಿಷಯ ಬರೆಯಲು ಸಂಕೋಚ, ಆದರೆ ಬರೆಯಲೇಬೇಕು. ರಾತ್ರಿ ವಿಡಿಯೋ ಕಾಲ್‌ನಲ್ಲಿ ಬಟ್ಟೆ ತೆಗೆಯಲು ಒತ್ತಾಯಿಸಿ, ಅದನ್ನು ರೆಕಾರ್ಡ್ ಮಾಡಿ, "ನಿನ್ನ ಸಂಬಂಧಿಕರಿಗೆ ಕಳಿಸ್ತೇನೆ" ಅಂತ ಹೆದರಿಸಿ ಹಣ ಕೀಳುತ್ತಾರೆ. ಒಂದು ಸಲ ಕೊಟ್ಟರೆ ನಿಲ್ಲುವುದಿಲ್ಲ, ಮತ್ತೆ ಕೇಳುತ್ತಾರೆ. ಹೆದರಿ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಸ್ಕ್ರೀನ್‌ಶಾಟ್ ತೆಗೆದಿಡಿ. ಒಪ್ಪಿಗೆಯಿಲ್ಲದೆ ಗುಪ್ತಾಂಗದ ಚಿತ್ರ ತೆಗೆಯುವುದು, ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಲ್ಲಿ ಅಪರಾಧ. ಕಾನೂನಿನ ಎದುರು ತಪ್ಪುಗಾರ ಅವನು, ನೀವಲ್ಲ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟು ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರಕಾರಿ ಪೋರ್ಟಲಿನಲ್ಲೂ ದೂರು ಕೊಡಬಹುದು. ಅಶ್ಲೀಲ ಚಿತ್ರದ ದೂರಾದರೆ ಹೆಸರು ಹೇಳದೆಯೂ ಕೊಡುವ ವ್ಯವಸ್ಥೆ ಅದರಲ್ಲುಂಟು. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಇದಕ್ಕಾಗಿಯೇ ಸೆನ್ ಪೊಲೀಸ್ ಠಾಣೆಗಳಿವೆ. ಮಹಿಳಾ ಸಹಾಯವಾಣಿ 181, ತುರ್ತಾದರೆ 112. ಒಬ್ಬರೇ ಹೋಗಲು ಹೆದರಿಕೆಯಾದರೆ ನಮ್ಮ ಕಚೇರಿಗೆ ಬನ್ನಿ, ಜೊತೆಗೆ ಬರುತ್ತೇವೆ. ಯಾವ ಸಂಘದವರು ಅಂತ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ.

ಆ ಸದಸ್ಯೆಯ 6,500 ರೂಪಾಯಿ ವಾಪಸ್ ಬರಲಿಲ್ಲ, ದೂರು ಕೊಡುವಾಗ ತಿಂಗಳು ಕಳೆದಿತ್ತು. ಸಾಲದ ಅರ್ಜಿಯನ್ನು ಅವರೇ ಹಿಂದೆ ಪಡೆದರು. ದೂರಿಗೆ ಬೇಕಾದ ಸ್ಕ್ರೀನ್‌ಶಾಟ್‌ಗಳನ್ನು ತೆಗೆದಿಟ್ಟ ಮೇಲೆ ಆ್ಯಪ್ ತೆಗೆದುಬಿಟ್ಟೆ ಅಂದರು. ನೋಡಿದರೆ ಫೋನಿನಿಂದ ಆ್ಯಪ್ ಮಾತ್ರ ಹೋಗಿತ್ತು, ಅವರ ಫೋಟೊ, ವಿವರ ಎಲ್ಲ ಅಲ್ಲೇ ಇತ್ತು. ಆ್ಯಪ್ ಮತ್ತೆ ಹಾಕಿ, ಒಳಗೆ ಹೋಗಿ, ಸೆಟ್ಟಿಂಗ್ಸಿನಲ್ಲಿ "ಡಿಲೀಟ್ ಅಕೌಂಟ್" ಅಂತ ಇರುವುದನ್ನು ಒತ್ತಿ, ಖಾತೆ ಅಳಿಸಿದ ಮೇಲೆಯೇ ಆ್ಯಪ್ ತೆಗೆಯಬೇಕು. ಅದನ್ನು ಮಗಳೇ ಮಾಡಿ ಕೊಟ್ಟಳು.