ಉಮ್ಮತ್ತಿ ಮುಟ್ಟಿದ ಕೈ

ಮುಂಗಾರಿನ ನಾಲ್ಕು ಹದ ಮಳೆ ಬಿದ್ದರೆ ಸಾಕು, ಮಾಯಸಂದ್ರದ ತೆಂಗಿನ ತೋಟಗಳ ಬದುವಿನಲ್ಲಿ, ತಿಪ್ಪೆಯ ಮಗ್ಗುಲಲ್ಲಿ, ಕೆರೆ ಏರಿಯ ಕೆಳಗೆ ಉಮ್ಮತ್ತಿ ಗಿಡ ತಲೆ ಎತ್ತುತ್ತದೆ. ಯಾರೂ ನೆಟ್ಟಿದ್ದಲ್ಲ, ನೀರು ಹನಿಸಿದ್ದಲ್ಲ. ದನಕರು ಮೂಸಿ ಮುಂದೆ ಹೋಗುತ್ತವೆ. ಸಂಜೆಗೆ ಅಗಲ ಎಲೆಗಳ ನಡುವೆ ಬಿಳಿ ತುತ್ತೂರಿಯಂಥ ಹೂ ಬಿರಿಯುತ್ತದೆ. ಕೆಲವೇ ದಿನಕ್ಕೆ ಅದೇ ಜಾಗದಲ್ಲಿ ಮೈತುಂಬ ಮುಳ್ಳಿರುವ ಗುಂಡು ಕಾಯಿ. ಚಿಕ್ಕವರಿದ್ದಾಗ ಆ ಕಾಯಿ ಕಿತ್ತು ಆಡುತ್ತಿದ್ದರೆ ಅಜ್ಜಿ ದೂರದಿಂದಲೇ ಕೂಗುತ್ತಿದ್ದಳು: “ಆ ಕೈನ ಕಣ್ಣಿಗ್ ಇಟ್ಕಂಡೀಯ ಕಣ್ ಮಗ, ತೊಳ್ಕ ಹೋಗು!”

ಅಜ್ಜಿ ಹೆದರಿದ್ದು ಸುಮ್ಮನೆ ಅಲ್ಲ. ಕಣ್ಣಾಸ್ಪತ್ರೆಯಲ್ಲಿ ಪರೀಕ್ಷೆಗೆ ಮುನ್ನ ಹನಿ ಹಾಕಿದರೆ ಪಾಪೆ ಅರಳಿ ಹತ್ತಿರದ್ದೆಲ್ಲ ಮಸುಕಾಗುತ್ತದಲ್ಲ, ಆ ಬಗೆಯ ಹನಿಗಳಲ್ಲಿ ಬಹಳ ಹಳೆಯದು ಅಟ್ರೋಪಿನ್. ಉಮ್ಮತ್ತಿಯೊಳಗೆ ಅಟ್ರೋಪಿನ್ನೂ ಇದೆ, ಅದರ ಒಡಹುಟ್ಟಿನಂಥ ಸ್ಕೋಪೊಲಮಿನ್ನೂ ಇದೆ. ಗಿಡ ಹಿಸುಕಿದ ಬೆರಳಲ್ಲಿ ಕಣ್ಣುಜ್ಜಿಕೊಂಡರೆ ಪಾಪೆ ಹಾಗೇ ಅರಳುತ್ತದೆ. ಅಜ್ಜಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಗಿಡ ಯಾವುದು, ಅದು ಏನು ಮಾಡುತ್ತದೆ, ಮುಟ್ಟಿದರೆ ಏನು ಮಾಡಬೇಕು ಎಂಬ ಮೂರೂ ಗೊತ್ತಿದ್ದವು.

ಈ ಮೂರರ ತಿಳಿವಳಿಕೆ ನಮ್ಮ ಕೈಜಾರುತ್ತಿದೆ. ಬೆಂಗಳೂರಿನ ಪೊಲೀಸ್ ದಾಳಿಯ ಸುದ್ದಿ ಬಂದಾಗ ಗಾಂಜಾ, ಎಲ್‌ಎಸ್‌ಡಿ, ಅಮಲಿನ ಅಣಬೆ, ಮಾತ್ರೆ ಎಲ್ಲವೂ ನಮ್ಮ ಬಾಯಲ್ಲಿ ‘ಡ್ರಗ್ಸ್’ ಎಂಬ ಒಂದೇ ಮೂಟೆ. ಆ ಮೂಟೆ ಬಿಚ್ಚಿ ನೋಡದೆ ಮಕ್ಕಳನ್ನು ಬರೀ ಹೆದರಿಸಿದರೆ, ಊರ ಬದುವಿನ ಗಿಡ ಅವರ ಕಣ್ಣಿಗೆ ನಿರುಪದ್ರವಿಯಾಗಿ ಕಾಣುತ್ತದೆ. ಆ ಮೂಟೆಯಲ್ಲಿ ಹೆಸರೇ ಇಲ್ಲದ ಈ ಗಿಡ ಅಷ್ಟೇ ಅಪಾಯದ್ದು.

ಹೆಸರಿನಲ್ಲೇ ಎಚ್ಚರಿಕೆ ಇದೆ. ಸಂಸ್ಕೃತದ ‘ಉನ್ಮತ್ತ’ ಕನ್ನಡದ ಬಾಯಲ್ಲಿ ಪಳಗಿ ಉಮ್ಮತ್ತ, ಉಮ್ಮತ್ತಿ ಆಯಿತು. ಉತ್ತರ ಕರ್ನಾಟಕದವರು ಮದಗುಣಕಿ ಎನ್ನುತ್ತಾರೆ. ಅದರಲ್ಲೂ ಮದ ಉಂಟು. ಇನ್ನೊಂದು ಹೆಸರಾದ ‘ಧತ್ತೂರ’ವೇ ಯುರೋಪಿಗೆ ಹೋಗಿ, 1753ರಲ್ಲಿ ಲಿನ್ನೇಯಸ್ ಸಸ್ಯಗಳಿಗೆ ಹೆಸರಿಟ್ಟಾಗ ‘ದತೂರಾ’ ಎಂಬ ಕುಲನಾಮವಾಯಿತು. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಇದರ ದಾಯಾದಿಗಳು. ಉಮ್ಮತ್ತಿ ಬೀಜಕ್ಕೂ ಮೆಣಸಿನಕಾಯಿ ಬೀಜಕ್ಕೂ ಇರುವ ವ್ಯತ್ಯಾಸವನ್ನು ವಿಧಿವಿಜ್ಞಾನದ ಪಠ್ಯಗಳು ಇಂದಿಗೂ ಬಿಡಿಸಿ ಹೇಳುತ್ತವೆ: ಉಮ್ಮತ್ತಿಯದು ದೊಡ್ಡದು, ಕಂದು ಬಣ್ಣದ್ದು, ಖಾರವಿಲ್ಲದ್ದು. 19ನೇ ಶತಮಾನದಲ್ಲಿ ದಾರಿಹೋಕರ ಊಟಕ್ಕೆ ಈ ಬೀಜ ಬೆರೆಸಿ, ಎಚ್ಚರ ತಪ್ಪಿಸಿ ದೋಚುವವರು ದೇಶದ ಉದ್ದಗಲಕ್ಕೂ ಇದ್ದರು.

ಅದೇ ಗಿಡವನ್ನು ನಾವು ಶಿವನಿಗೂ ಏರಿಸಿದೆವು. ತುರುವೇಕೆರೆಯಲ್ಲಿ ಹೊಯ್ಸಳರ ಕಾಲದ ಮೂಲೆ ಶಂಕರೇಶ್ವರ ಗುಡಿ ಇರುವ ಸೀಮೆ ನಮ್ಮದು. ವಿಷ ಕುಡಿದು ಗಂಟಲಲ್ಲಿ ಇಟ್ಟುಕೊಂಡ ದೇವರಿಗೆ ವಿಷದ ಗಿಡದ ಹೂವು ಸಲ್ಲುತ್ತದೆ ಎಂಬುದು ಈ ಭಕ್ತಿಯ ಲೆಕ್ಕ. ಅವನ ತಲೆ ಮೇಲೆ ಇಟ್ಟದ್ದನ್ನು ನಾವು ತಿನ್ನುವಂತಿಲ್ಲ ಎಂಬ ಗೆರೆಯನ್ನೂ ಆ ಪೂಜೆ ಎಳೆದಿದೆ. ವೈದ್ಯರು ಆ ಗೆರೆಯ ಅಂಚಿನಲ್ಲಿ ನಡೆದರು. ಸುಶ್ರುತ ಸಂಹಿತೆ ಹುಚ್ಚುನಾಯಿ ಕಡಿತದ ಚಿಕಿತ್ಸೆಯಲ್ಲಿ ಧತ್ತೂರವನ್ನು ಹೆಸರಿಸುತ್ತದೆ. ಉಬ್ಬಸಕ್ಕೆ ಇದರ ಹೊಗೆ ಎಳೆಯುವ ನಮ್ಮ ಪದ್ಧತಿ 1802ರ ಸುಮಾರಿಗೆ ಮದರಾಸಿನಿಂದ ಇಂಗ್ಲೆಂಡಿಗೆ ಹೋಯಿತು. ಈಗ ದಮ್ಮಿನವರ ಇನ್‌ಹೇಲರಿನಲ್ಲಿರುವ ಇಪ್ರಟ್ರೋಪಿಯಂ ಅಟ್ರೋಪಿನ್‌ನಿಂದಲೇ ರೂಪುಗೊಂಡ ಔಷಧ. ಜಪಾನಿನ ಹನಾವೊಕಾ ಸೇಯಿಶು 1804ರಲ್ಲಿ ಉಮ್ಮತ್ತಿ ಬೆರೆತ ಕಷಾಯ ಕುಡಿಸಿ, ಪ್ರಜ್ಞೆ ತಪ್ಪಿದ ಹೆಂಗಸಿನ ಸ್ತನದ ಗಡ್ಡೆ ತೆಗೆದ. ಈಥರ್ ಅರಿವಳಿಕೆ ಜಗತ್ತಿಗೆ ತಿಳಿದದ್ದು 1846ರಲ್ಲಿ, ಅಂದರೆ ನಲವತ್ತು ವರ್ಷಗಳಾಚೆ.

ಇನ್ನು ಮೂಟೆ ಬಿಚ್ಚೋಣ. ಮಿದುಳಿನ ಜೀವಕೋಶಗಳು ರಾಸಾಯನಿಕಗಳ ಮೂಲಕ ಮಾತಾಡುತ್ತವೆ. ಒಂದೊಂದಕ್ಕೂ ತನ್ನದೇ ಬೀಗ, ತನ್ನದೇ ಬೀಗದಕೈ. ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿ, 1943ರ ಏಪ್ರಿಲ್‌ನಲ್ಲಿ ತನ್ನ ಮೈಮೇಲೇ ಪರಿಣಾಮ ಕಂಡುಕೊಂಡ ಎಲ್‌ಎಸ್‌ಡಿ ಸಿರೊಟೋನಿನ್‌ನ ಬೀಗಕ್ಕೆ ಕೂರುತ್ತದೆ. ಮೆಕ್ಸಿಕೋದ ಮಸಟೆಕ್ ಜನರು ರೋಗಿಗಳ ಶುಶ್ರೂಷೆಗೆ ರಾತ್ರಿ ಪೂಜೆಯಲ್ಲಿ ಬಳಸುತ್ತಿದ್ದ ಅಣಬೆಯ ಸಾರವೂ ಅಲ್ಲಿಗೇ ಹೋಗುತ್ತದೆ. ಆ ಪೂಜೆ ನಡೆಸುತ್ತಿದ್ದ ಮರಿಯಾ ಸಬೀನಾ 1955ರಲ್ಲಿ ಅಮೆರಿಕದ ಅತಿಥಿಯೊಬ್ಬನನ್ನು ನಂಬಿ ಒಳಗೆ ಬಿಟ್ಟುಕೊಂಡಳು. ಎರಡು ವರ್ಷಕ್ಕೆ ಅವನು ಪತ್ರಿಕೆಯಲ್ಲಿ ಬರೆದ. ಆಮೇಲೆ ಅಮಲು ಹುಡುಕಿ ಬಂದವರ ಹಿಂಡಿನಿಂದ ಆಕೆಯ ಊರು ನೆಮ್ಮದಿ ಕಳೆದುಕೊಂಡಿತು. ಕಟ್ಟುಪಾಡಿನಿಂದ ಕಿತ್ತು ತಂದ ಗಿಡ ಎಲ್ಲೂ ಹಾಗೇ ಉಳಿಯುವುದಿಲ್ಲ.

ಗಾಂಜಾದ ಬೀಗ ಬೇರೆ. ಆ ಬೀಗಕ್ಕೆ ಹೊಂದುವ ವಸ್ತು ನಮ್ಮ ಮೈಯೊಳಗೇ ಹುಟ್ಟುತ್ತದೆಂದು 1992ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಂ ಅವರ ತಂಡ ಕಂಡುಹಿಡಿದು, ‘ಆನಂದ’ ಎಂಬ ನಮ್ಮ ಪದದಿಂದಲೇ ಅದಕ್ಕೆ ‘ಆನಂದಮೈಡ್’ ಎಂದು ಹೆಸರಿಟ್ಟಿತು.

ಉಮ್ಮತ್ತಿ ಇವೆರಡರ ದಾರಿಯಲ್ಲೂ ಹೋಗುವುದಿಲ್ಲ. ಅದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಬೀಗವನ್ನು ಜಾಮ್ ಮಾಡುತ್ತದೆ. ಬಾಯಿ ಒಣಗುತ್ತದೆ, ಮೈ ಕಾಯುತ್ತದೆ, ಎದೆ ಡವಗುಟ್ಟುತ್ತದೆ, ಮೂತ್ರ ಕಟ್ಟುತ್ತದೆ. ಅಣಬೆ ತಿಂದವನಿಗೆ ತಾನೇನೋ ತಿಂದಿದ್ದೇನೆ ಎಂಬ ಅರಿವು ಸಾಮಾನ್ಯವಾಗಿ ಉಳಿದಿರುತ್ತದೆ. ಉಮ್ಮತ್ತಿ ತಿಂದವನಿಗೆ ಅದೂ ಇರದು. ಎದುರಿಗಿಲ್ಲದವರ ಜೊತೆ ಮಾತಾಡುತ್ತಾನೆ, ಗಾಳಿಯಲ್ಲಿ ಇಲ್ಲದ ದಾರ ಹಿಡಿದು ಎಳೆಯುತ್ತಾನೆ. ಬದುಕಿದರೆ ಮರುದಿನ ಒಂದೂ ನೆನಪಿರುವುದಿಲ್ಲ. ಗಿಡದಿಂದ ಗಿಡಕ್ಕೆ, ಕಾಯಿಯಿಂದ ಕಾಯಿಗೆ ವಿಷದ ಪ್ರಮಾಣ ಬದಲಾಗುವುದರಿಂದ ‘ಇಷ್ಟು ತಿಂದರೆ ಏನೂ ಆಗದು’ ಎಂಬ ಅಳತೆಯೇ ಇಲ್ಲ.

ಕಾನೂನು ಈ ಬೀಗಗಳನ್ನು ನೋಡಿ ಬರೆದದ್ದಲ್ಲ. 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ತುದಿ. ಬರೀ ಎಲೆಯ ಭಂಗಿ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಎಲ್‌ಎಸ್‌ಡಿ ಆದರೆ 0.1 ಗ್ರಾಂಗೇ ‘ವಾಣಿಜ್ಯ ಪ್ರಮಾಣ’. ಉಮ್ಮತ್ತಿ ಆ ಪಟ್ಟಿಯಲ್ಲೇ ಇಲ್ಲ. ಇತ್ತ ವಿಜ್ಞಾನ ದಶಕಗಳ ಮೌನದ ನಂತರ ಈ ವಸ್ತುಗಳ ಬಾಗಿಲು ಮತ್ತೆ ತಟ್ಟುತ್ತಿದೆ. ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಗೆ ಅಣಬೆಯ ಸಾರವನ್ನು ಪರವಾನಗಿ ಪಡೆದ ಮನೋವೈದ್ಯರು ಕೊಡಬಹುದೆಂಬ ಆಸ್ಟ್ರೇಲಿಯಾದ ಒಪ್ಪಿಗೆ 2023ರ ಜುಲೈಯಲ್ಲಿ ಜಾರಿಗೆ ಬಂತು. ಅಳತೆ, ಪಕ್ಕದಲ್ಲಿ ಕೂತ ವೈದ್ಯ, ಮುಂಚಿನ ತಪಾಸಣೆ: ಆ ಒಪ್ಪಿಗೆ ನಿಂತಿರುವುದು ಈ ಕಟ್ಟುಪಾಡಿನ ಮೇಲೆ. ಬೆಂಗಳೂರಿನ ಯಾವುದೋ ಪಾರ್ಟಿಯಲ್ಲಿ ಕೈಗೆ ಸಿಕ್ಕ ಎಲ್‌ಎಸ್‌ಡಿಯ ಚೂರು ಕಾಗದಕ್ಕೆ ಇದ್ಯಾವುದರ ರಕ್ಷಣೆಯೂ ಇಲ್ಲ.

ಈಗ ಮತ್ತೆ ನಮ್ಮ ತೋಟಕ್ಕೆ ಬರಬೇಕು. ಕಪ್ಪುತಲೆ ಹುಳು ಬಿದ್ದು ಗರಿಗಳು ಸುಟ್ಟಂತಾದಾಗ, ತೆಂಗಿನ ಎಳೆ ಬೇರನ್ನು ಓರೆಯಾಗಿ ಕತ್ತರಿಸಿ, ಮಾನೊಕ್ರೋಟೊಫಾಸ್ ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟುವುದು ಈ ಸೀಮೆಯ ರೈತರಿಗೆ ಗೊತ್ತಿದ್ದ ಕೆಲಸ. ಅದು ಆರ್ಗನೋಫಾಸ್ಫರಸ್ ಜಾತಿಯ ವಿಷ. ಬರಿಗೈಗೆ ಚೆಲ್ಲಿದರೆ, ಹೇಗೋ ಹೊಟ್ಟೆಗೆ ಹೋದರೆ, ಮೈಯಲ್ಲಿ ಅಸಿಟೈಲ್‌ಕೋಲಿನ್ ಕರಗದೆ ರಾಶಿ ಬೀಳುತ್ತದೆ. ಜೊಲ್ಲು ಸುರಿಯುತ್ತದೆ, ಬೆವರು ಹರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಶ್ವಾಸಕೋಶದಲ್ಲಿ ಕಫ ತುಂಬಿ ಉಸಿರು ಕಟ್ಟುತ್ತದೆ. ಉಮ್ಮತ್ತಿ ಮಾಡುವುದೆಲ್ಲದರ ಪೂರ್ತಿ ತಿರುಗುಮುರುಗು.

ಅಂಥವರನ್ನು ಆಸ್ಪತ್ರೆಗೆ ತಂದರೆ ಡಾಕ್ಟರು ಮೊದಲು ಕೈಗೆತ್ತಿಕೊಳ್ಳುವುದು ಅಟ್ರೋಪಿನ್ ಚುಚ್ಚುಮದ್ದು. ಎದೆಯ ಕಫ ಆರುವ ತನಕ ಮತ್ತೆ ಮತ್ತೆ ಕೊಡುತ್ತಾರೆ. ಪ್ರಮಾಣ ಕೊಂಚ ಮಿಕ್ಕಿದರೆ ರೋಗಿ ಹಾಸಿಗೆ ಬಟ್ಟೆ ಕೀಳುತ್ತಾ, ಇಲ್ಲದವರನ್ನು ಕರೆಯುತ್ತಾ ಕನವರಿಸತೊಡಗುತ್ತಾನೆ. ಬದುವಿನ ಗಿಡದ ಉನ್ಮಾದ ಆಸ್ಪತ್ರೆಯ ಮಂಚದ ಮೇಲೆ ಬಂದು ಕೂತಿರುತ್ತದೆ. ಡಾಕ್ಟರು ಪ್ರಮಾಣ ತಗ್ಗಿಸುತ್ತಾರೆ. ತೋಟದ ಎರಡು ವಿಷಗಳು ಒಂದೇ ಬೀಗದ ಎರಡು ಬದಿ ನಿಂತಿವೆ. ನಡುವೆ ಇರುವುದು ಬಲ್ಲವರ ಕೈ ಮಾತ್ರ.

ಆದ್ದರಿಂದ ನನ್ನ ಕೇಳಿಕೆ ಚಿಕ್ಕದು. ಮಳೆಗಾಲದ ಒಂದು ಬೆಳಿಗ್ಗೆ ವಿಜ್ಞಾನದ ಮೇಷ್ಟ್ರು ಮಕ್ಕಳನ್ನು ತೋಟದ ಬದುವಿಗೆ ಕರೆದೊಯ್ಯಲಿ. ಉಮ್ಮತ್ತಿಯ ಮುಂದೆ ನಿಲ್ಲಿಸಿ ಹೆಸರು ಹೇಳಲಿ, ಅದು ಏನು ಮಾಡುತ್ತದೆಂದು ಹೇಳಲಿ. ಯಾರಾದರೂ ತಿಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು, ತಿಂದ ಕಾಯಿಯನ್ನೂ ಜೊತೆಗೆ ಕೊಂಡೊಯ್ಯಬೇಕು ಎಂದು ಹೇಳಲಿ. ಮನಸ್ಸು ಕುಗ್ಗಿದವರಿಗೆ, ಅಮಲಿಗೆ ಬಿದ್ದವರ ಮನೆಯವರಿಗೆ ಟೆಲಿ ಮಾನಸ್‌ನ 14416 ಇದೆ ಎಂಬುದನ್ನೂ ಸೇರಿಸಲಿ. ಆಮೇಲೆ ಎಲ್ಲರೂ ಬೋರಿನ ನೀರಿಗೆ ಕೈಯೊಡ್ಡಿ ತೊಳೆದುಕೊಂಡು ಬರಲಿ. ಅಜ್ಜಿಯ ಪಾಠ ಮುಗಿಯುತ್ತಿದ್ದುದೂ ಅಲ್ಲಿಗೇ.