ನಿಮಗಿದು ಗೊತ್ತೆ? ಸಾರೋಟಿನಿಂದ ಕಾರಿಗೆ ಬಂದ ಹೂಪರ್

ಲಂಡನ್ನಿನಲ್ಲಿ 1805ರಲ್ಲಿ ಕುದುರೆಯ ಸಾರೋಟುಗಳನ್ನು ನಿರ್ಮಿಸಲು ತೊಡಗಿ, 1830ರಲ್ಲಿ ಬ್ರಿಟಿಷ್ ಅರಮನೆಯ ಅಧಿಕೃತ ಮನ್ನಣೆಗೆ ಪಾತ್ರವಾದ ಹೂಪರ್ ಸಂಸ್ಥೆಯು, ಮೋಟಾರು ಯುಗವು ಉದಯಿಸಿದಾಗ ತನ್ನ ಪರಂಪರಾಗತ ವಿದ್ಯೆಯನ್ನು ತ್ಯಜಿಸದೆ, ಅದನ್ನೇ ನೂತನ ವಾಹನಕ್ಕೆ ಅಳವಡಿಸಿತು. ಆ ಕಾಲದಲ್ಲಿ ರೋಲ್ಸ್-ರಾಯ್ಸ್, ಡೈಮ್ಲರ್ ಮೊದಲಾದ ಕಾರ್ಖಾನೆಗಳು ಬಹುಮಟ್ಟಿಗೆ ಎಂಜಿನ್ನು, ಗಾಲಿ, ಚಾಸಿಗಳನ್ನು ಮಾತ್ರ ಸಿದ್ಧಪಡಿಸಿ ಕೊಡುತ್ತಿದ್ದುವು. ಅದರ ಮೇಲೆ, ಕೊಳ್ಳುವವರ ಅಭಿರುಚಿಗೆ ಅನುಗುಣವಾಗಿ, ಆಶ್ ಮರದ ಚೌಕಟ್ಟನ್ನು ಕಟ್ಟಿ, ಅಲ್ಯೂಮಿನಿಯಮ್ ತಗಡನ್ನು ಕೈಯಿಂದಲೇ ಬಡಿದು ಬಾಗಿಸಿ ಹೊದಿಸಿ, ಒಳಗೆ ಚರ್ಮದ ಆಸನಗಳನ್ನೂ ನುಣುಪಾದ ಮರಗೆಲಸವನ್ನೂ ಕೂಡಿಸುವುದು ಹೂಪರಿನಂತಹವರ ಕಾರ್ಯವಾಗಿದ್ದಿತು. ಯಂತ್ರವು ಶಿಲ್ಪವಾಗುತ್ತಿದ್ದುದು ಈ ಕೈಗಳಲ್ಲಿಯೇ ಎಂದರೆ ಅತಿಶಯೋಕ್ತಿಯಲ್ಲ.

1900ರಲ್ಲಿ ಯುವರಾಜ ಎಡ್ವರ್ಡರ ಡೈಮ್ಲರಿಗೆ ಒಡಲನ್ನು ರಚಿಸಿಕೊಟ್ಟ ಈ ಸಂಸ್ಥೆಯು, 1938ರಲ್ಲಿ ತನಗಿಂತಲೂ ಪುರಾತನವಾದ ಬಾರ್ಕರ್ ಸಂಸ್ಥೆಯನ್ನು ತನ್ನೊಳಗೆ ಸೇರಿಸಿಕೊಂಡಿತು. 1951ರಲ್ಲಿ ಡೈಮ್ಲರ್ ಅಧ್ಯಕ್ಷ ಸರ್ ಬರ್ನಾರ್ಡ್ ಡಾಕರ್ ಹಾಗೂ ಅವರ ಪತ್ನಿ ನೋರಾ ಅವರಿಗಾಗಿ ಇದು ರಚಿಸಿದ ಕಾರಿನಲ್ಲಿ, ಕ್ರೋಮಿಯಮ್ ಇರಬೇಕಾದ ಎಡೆಗಳಲ್ಲೆಲ್ಲ ಚಿನ್ನದ ಲೇಪವಿದ್ದು, ಪಾರ್ಶ್ವಗಳಲ್ಲಿ ಸುಮಾರು 7,000 ಪುಟ್ಟ ಸುವರ್ಣ ನಕ್ಷತ್ರಗಳು ಮಿನುಗುತ್ತಿದ್ದುವು!

ಆದರೆ ಕಾರ್ಖಾನೆಗಳು ಉಕ್ಕಿನ ಒಡಲನ್ನು ಅಚ್ಚಿನಲ್ಲಿ ಒತ್ತಿ, ಕಾರನ್ನು ತಾವೇ ಪೂರ್ಣಗೊಳಿಸತೊಡಗಲು, ಕೈಗೆಲಸಕ್ಕೆ ಬೇಡಿಕೆಯು ಕುಗ್ಗುತ್ತ ಬಂದು, 1959ರಲ್ಲಿ ಹೂಪರಿನ ಒಡಲುಗಟ್ಟುವ ಕಾರ್ಯವು ನಿಂತಿತು.